ನಲವತ್ತಾರು ಕಾರ್ಡುಗಳನ್ನು ವಾಪಸು ಪಡೆದು ಅರ್ಜಿದಾರನನ್ನು ನೆಟ್ಟಗೆ ಮಾಡಿಕೊಡುವ ಬಗ್ಗೆ

ದಿನಾಂಕ: ಈ ತಿಂಗಳ ಇಪ್ಪತ್ತೈದು

ಇಂದ:
ಅರ್ಜಿದಾರ,
ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಹಿರಿಯ ಕೆಲಸಗಾರ (ಹತ್ತೊಂಬತ್ತು ವರ್ಷಗಳ ಸೇವೆ).
ಗ್ರಾಹಕ ಸಂಖ್ಯೆ: ನಲವತ್ತಾರು ಇರುವುದರಿಂದ ಈ ಜಾಗದಲ್ಲಿ ಹಿಡಿಸುವುದಿಲ್ಲ. ಲಗತ್ತು ೧ ನೋಡುವುದು.

ಗೆ:
ಮಾನ್ಯ ಮುಖ್ಯ ಅಧಿಕಾರಿಗಳು,
ನಿಷ್ಠಾವಂತ ಗ್ರಾಹಕರ ವಿಭಾಗ,
ಅಂಗಡಿಗಳ ಸಂಯುಕ್ತ ಕಚೇರಿ,
ಮೂರನೇ ಮಹಡಿ (ಲಿಫ್ಟ್ ಎರಡನೆಯದರವರೆಗೆ ಮಾತ್ರ).

ವಿಷಯ: ಅರ್ಜಿದಾರನ ಬಳಿ ಇರುವ ನಲವತ್ತಾರು ಅಂಗಡಿ ಕಾರ್ಡುಗಳನ್ನು ಇದೇ ಇಪ್ಪತ್ತೆಂಟನೇ ತಾರೀಖಿನೊಳಗೆ ವಾಪಸು ಪಡೆದು, ಅವನ ಸೊಂಟ, ಕೆಲಸ ಹಾಗೂ ಹೆಂಡತಿಯ ಕತ್ತು ಇವುಗಳನ್ನು ಉಳಿಸಿಕೊಡುವ ಬಗ್ಗೆ.

ಉಲ್ಲೇಖ:
೧. ಅರ್ಜಿದಾರನ ಹಿಂದಿನ ಒಂಬತ್ತು ಅರ್ಜಿಗಳು.
೨. ಅವುಗಳಿಗೆ ತಮ್ಮ ಕಚೇರಿ ಕೊಟ್ಟ ಒಂಬತ್ತು ಹಿಂಬರಹಗಳು.
೩. ಎಲ್ಲ ಕಾರ್ಡುಗಳ ಬೆನ್ನಿಗೆ ಇರುವೆಸಾಲಿನಂತೆ ಮುದ್ರಿಸಿರುವ ನಿಯಮಗಳು. ವಿಶೇಷವಾಗಿ ನಿಯಮ ೪, ೯ ಮತ್ತು ೧೧.
೪. ಅರ್ಜಿದಾರನ ಹೆಂಡತಿಯ ಬಾಯಿಮಾತಿನ ಎಚ್ಚರಿಕೆಗಳು, ಹಲವು ದಿನಾಂಕಗಳು.

ಮಾನ್ಯರೇ,

ವಿಷಯಕ್ಕೆ ಬರುವ ಮೊದಲು ಅರ್ಜಿದಾರನು ಒಂದು ಮಾತು ಹೇಳಬೇಕಾಗಿದೆ. ಅವನು ಸಂಜೆ ಕಾಲೇಜಿನಲ್ಲಿ ಓದಿದವನು. ದಿನವಿಡೀ ದುಡಿದು ಬಂದ ಹುಡುಗರು ಬೆಂಚಿನ ಮೇಲೆ ತೂಕಡಿಸುತ್ತಿದ್ದರೆ, ವ್ಯವಹಾರ ಬರವಣಿಗೆ ಕಲಿಸುತ್ತಿದ್ದ ಮೇಷ್ಟ್ರು ಮೇಜಿಗೆ ಡಸ್ಟರ್ ಕುಟ್ಟಿ ಹೇಳುತ್ತಿದ್ದರು: "ಅರ್ಜೀಲಿ 'ನಾನು' ಅಂತ ಬರೀಬೇಡ್ರಪ್ಪಾ. 'ನಾನು' ಅಂದ ಅರ್ಜಿ ಫೈಲಿನ ತಳಕ್ಕೆ ಹೋಗುತ್ತೆ. 'ಅರ್ಜಿದಾರ' ಅನ್ನಿ. ಆಗ ಸಾಹೇಬ್ರಿಗೆ ಯಾರೋ ಮೂರನೆಯವರ ಕಷ್ಟ ಕೇಳ್ತಿದೀನಿ ಅನ್ಸುತ್ತೆ. ಮೂರನೆಯವರ ಕಷ್ಟ ಕೇಳೋಕೆ ಯಾರಿಗೆ ಬೇಜಾರು?" ಆ ಹೊತ್ತಿನಲ್ಲಿ ಎಚ್ಚರವಾಗಿದ್ದ ನಾಲ್ವರಲ್ಲಿ ಅರ್ಜಿದಾರನೂ ಒಬ್ಬ. ಆದ್ದರಿಂದ ಇಲ್ಲಿ ಎಲ್ಲೆಲ್ಲಿ ಅರ್ಜಿದಾರನ ಕಷ್ಟ ಬರುತ್ತದೋ ಅಲ್ಲೆಲ್ಲ ಅದು ಬೇರೆ ಯಾರದೋ ಎಂದು ಭಾವಿಸಿ ನೆಮ್ಮದಿಯಿಂದ ಓದಬೇಕಾಗಿ ಕೋರಿಕೆ.

೧. ಅರ್ಜಿದಾರನು ಫೋಟೋಗಳಿಗೆ ಕಟ್ಟು ಹಾಕುತ್ತಾನೆ. ಆಮೇಲೆ ಗಿರಾಕಿಯ ಮನೆಗೆ ಹೋಗಿ, ಮೊಳೆ ಹೊಡೆದು, ಗೋಡೆಗೆ ನೇತುಹಾಕಿ ಬರುತ್ತಾನೆ. ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ರಸಮಟ್ಟ ಎಂಬ ಉಪಕರಣ ಗಾರೆ ಕೆಲಸದವರಲ್ಲಿ, ಬಡಗಿಗಳಲ್ಲಿ ಇರುತ್ತದೆ. ಅರ್ಜಿದಾರನ ಅಂಗಡಿಯಲ್ಲಿ ಮಾತ್ರ ಇರಲಿಲ್ಲ. ಯಾಕೆ ಇಲ್ಲ ಎಂದು ಯಾರಾದರೂ ಕೇಳಿದರೆ ಯಜಮಾನರು ಅರ್ಜಿದಾರನನ್ನು ಕರೆದು, ಕನ್ನಡಕ ತೆಗೆಸಿ, ಅವನ ಎರಡು ಕಣ್ಣುಗಳನ್ನು ತೋರಿಸುತ್ತಿದ್ದರು. "ನೋಡಿ, ಇದೇ ನಮ್ಮ ರಸಮಟ್ಟ. ಗುಳ್ಳೆ ಒಳಗಡೆ ಇದೆ." ಅರ್ಜಿದಾರನಿಗೆ ತನ್ನ ಬಗ್ಗೆ ಬೇರೆ ಯಾವ ವಿಷಯದಲ್ಲೂ ಧೈರ್ಯವಿಲ್ಲ. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುವವನು ಅವನು. ಆದರೆ ಒಂದು ಚೌಕಟ್ಟು ನೆಟ್ಟಗಿದೆಯೋ ಇಲ್ಲವೋ ಎಂಬ ಒಂದು ಸಂಗತಿಯಲ್ಲಿ ಮಾತ್ರ ಅವನು ಎರಡನೇ ಸಲ ನೋಡಿದವನಲ್ಲ.

೨. ಆರು ವರ್ಷಗಳ ಹಿಂದೆ ಬ್ರೆಡ್ ಅಂಗಡಿಯಲ್ಲಿ ಹಣ ತೆಗೆದುಕೊಳ್ಳುವ ಹುಡುಗಿ, "ಸರ್, ಕಾರ್ಡ್ ಮಾಡಿಸ್ಕೊಳ್ಳಿ, ಫ್ರೀ" ಎಂದಳು. "ಬೇಡಮ್ಮಾ" ಎಂಬ ಮಾತು ಅರ್ಜಿದಾರನ ಗಂಟಲವರೆಗೂ ಬಂದಿತ್ತು. ಅಷ್ಟರಲ್ಲಿ, ಹೀಗೆ ಎಲ್ಲರೂ ಬೇಡ ಎಂದರೆ ಸಂಜೆ ಇವಳಿಗೆ ಮ್ಯಾನೇಜರ್ ಬಯ್ಯುತ್ತಾನೇನೋ ಎಂಬ ಯೋಚನೆ ಬಂತು. ಆದಕಾರಣ, ಅವನು ತೆಗೆದುಕೊಂಡ. ಮರುವಾರ ಚಪ್ಪಲಿ ಅಂಗಡಿ. ಅದರ ಮರುವಾರ ಔಷಧಿ ಅಂಗಡಿ. ಆಮೇಲೆ ಬಣ್ಣ, ಮೊಳೆ, ಸೋಪು, ಬೀಗದಕೈ. ಬಣ್ಣದ ಮೀನು ಮಾರುವ ಅಂಗಡಿಗೆ ಅವನು ಹೋದದ್ದು ಪಕ್ಕದ ಮನೆಯ ವಿಳಾಸ ಕೇಳಲು. ಹೊರಗೆ ಬರುವಾಗ ಕೈಯಲ್ಲಿ ಒಂದು ಕಾರ್ಡು ಮತ್ತು ಮೀನಿನ ಆಹಾರದ ಪೊಟ್ಟಣ ಇತ್ತು. ಮನೆಯಲ್ಲಿ ಮೀನಿಲ್ಲ. ಕಾರು ತೊಳೆಯುವವರ ಕಾರ್ಡಿದೆ, ಕಾರಿಲ್ಲ. ಕ್ಷೌರದ ಅಂಗಡಿಯ ಕಾರ್ಡಿನಲ್ಲಿ ಹತ್ತು ಸಲಕ್ಕೆ ಒಂದು ಉಚಿತ. ಆದರೆ ಅರ್ಜಿದಾರನ ತಲೆಯನ್ನು ತಾವು ನೋಡಿದರೆ, ಹತ್ತನೆಯ ಸಲಕ್ಕೆ ಕತ್ತರಿಸಲು ಏನು ಉಳಿದಿರುತ್ತದೆ ಎಂಬ ಪ್ರಶ್ನೆ ತಮಗೂ ಬರುತ್ತದೆ.

೩. ಮೇಲ್ಕಂಡ ಕಾರ್ಡುಗಳೆಲ್ಲ ಸೇರಿ ಅರ್ಜಿದಾರನ ಪರ್ಸು ಇಟ್ಟಿಗೆಯ ಅರ್ಧದಷ್ಟು ದಪ್ಪವಾಯಿತು. ಅದು ಮುಚ್ಚುವುದಿಲ್ಲ, ಎರಡು ರಬ್ಬರ್ ಬ್ಯಾಂಡ್ ಬೇಕು. ಅಂಗಡಿಯಲ್ಲಿ "ಕಾರ್ಡ್ ಇದ್ಯಾ ಸರ್?" ಎಂದಾಗ ಅವನು ರಬ್ಬರ್ ಬ್ಯಾಂಡ್ ಬಿಚ್ಚಿ, ಬಾಯಲ್ಲಿ ಕಚ್ಚಿಕೊಂಡು, ಒಂದೊಂದೇ ಕಾರ್ಡನ್ನು ಮೇಜಿನ ಮೇಲೆ ಹರಡಿ ಹುಡುಕುತ್ತಾನೆ. ಹಿಂದೆ ಸಾಲು ಬೆಳೆಯುತ್ತದೆ.

"ಏನ್ರೀ, ಇಸ್ಪೀಟ್ ಕಲೆಸ್ತಿದೀರಾ?" ಎಂದು ಹಿಂದಿನಿಂದ ಒಬ್ಬರು ಕೇಳುತ್ತಾರೆ.

"ಕಲೆಸಿದ್ರೆ ನಮಗೂ ಒಂದ್ ಕೈ ಹಾಕ್ರಿ ಮತ್ತೆ. ಸುಮ್ನೆ ನಿಂತು ನಿಂತು ಕಾಲು ನೋವು ಬಂತು," ಎಂದು ಅವರ ಹಿಂದಿನ ಮುದುಕರು ಹೇಳುತ್ತಾರೆ.

ಅರ್ಜಿದಾರನಿಗೆ ಬೆವರು ಬರುತ್ತದೆ. ಬೆವರಿನಿಂದ ಕಾರ್ಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೇಕಾದ ಕಾರ್ಡು ಯಾವಾಗಲೂ ಕೊನೆಯದು. ಮೇಲಿನಿಂದ ಹುಡುಕಿದರೆ ತಳದಲ್ಲಿರುತ್ತದೆ. ಅದನ್ನು ಅರಿತು ತಳದಿಂದ ಹುಡುಕಿದ ದಿನ ಮೇಲೇ ಇರುತ್ತದೆ.

೪. ಸದರಿ ಪರ್ಸನ್ನು ಅರ್ಜಿದಾರನು ಪ್ಯಾಂಟಿನ ಬಲಗಡೆಯ ಹಿಂಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ದಿನಕ್ಕೆ ಒಂಬತ್ತು ಗಂಟೆ ಬೆಂಚಿನ ಮೇಲೆ ಅದರ ಮೇಲೆಯೇ ಕುಳಿತು ಮರದ ಪಟ್ಟಿಗಳ ಮೂಲೆ ಕತ್ತರಿಸುತ್ತಾನೆ. ಆರು ವರ್ಷ ಹೀಗೆ ಕುಳಿತದ್ದರಿಂದ ಬಲಗಡೆ ಸೊಂಟ ಮೇಲೆದ್ದು, ಮೈ ಎಡಕ್ಕೆ ವಾಲಿತು. ವಾಲಿದ್ದು ಅವನಿಗೆ ಗೊತ್ತಾಗಲಿಲ್ಲ. ತಾನೇ ವಾಲಿದವನಿಗೆ ಲೋಕ ವಾಲಿದಂತೆ ಕಾಣುತ್ತದೆಯೇ ಹೊರತು ತಾನಲ್ಲ.

ಮೊದಲು ಗೊತ್ತಾದದ್ದು ಹೆಂಡತಿಗೆ. "ರೀ, ನೀವು ನಡೆಯೋದು ನೋಡಿದ್ರೆ ಪಕ್ಕದಲ್ಲಿ ಯಾರೋ ಗುಟ್ಟು ಹೇಳ್ತಿರೋ ಹಾಗಿದೆ," ಎಂದಳು. ಬೆನ್ನಿನ ವೈದ್ಯರ ಬಳಿಗೆ ಎಳೆದುಕೊಂಡು ಹೋದಳು. ವೈದ್ಯರು ಬೆನ್ನು ತಡವಿದರು, ಜೇಬು ತಡವಿದರು, ಪರ್ಸನ್ನು ಕೈಯಲ್ಲಿ ತೂಗಿ ನೋಡಿದರು. "ಬೆನ್ನಿಗೆ ಏನೂ ಆಗಿಲ್ಲಪ್ಪಾ. ಕಾಯಿಲೆ ಇರೋದು ಇದಕ್ಕೆ," ಎಂದು ಪರ್ಸನ್ನು ವಾಪಸು ಕೊಟ್ಟರು. ಹೊರಗೆ ಚೀಟಿ ಬರೆಯುವಾಕೆ ಒಂದು ಕಾರ್ಡು ಕೊಟ್ಟಳು: ಐದು ಭೇಟಿಗೆ ಆರನೆಯದು ಉಚಿತ. ಕಾರ್ಡು ಅರ್ಧಕ್ಕೆ ನಿಲ್ಲಬಾರದೆಂದು ಅರ್ಜಿದಾರನು ಇನ್ನೂ ನಾಲ್ಕು ಸಲ ಹೋಗಿಬಂದ. ಐದನೆಯ ಭೇಟಿಯಲ್ಲಿ ವೈದ್ಯರು, "ಮತ್ತೆ ಏನು?" ಎಂದರು. ಅವನು ಹವಾಮಾನದ ಬಗ್ಗೆ ಮಾತಾಡಿ ಬಂದ.

೫. "ಹಾಗಾದರೆ ಪರ್ಸನ್ನು ಬೇರೆ ಕಡೆ ಇಟ್ಟುಕೊಳ್ಳಬಾರದೇಕೆ?" ಎಂದು ಮಾನ್ಯರು ಕೇಳಬಹುದು. ತಮ್ಮ ಎಂಟನೇ ಹಿಂಬರಹ ಅದನ್ನೇ ಕೇಳಿತ್ತು. ಅರ್ಜಿದಾರನು ಎಡ ಜೇಬಿನಲ್ಲಿಟ್ಟು ನೋಡಿದ್ದಾನೆ: ಒಂದು ವಾರ ಚೌಕಟ್ಟುಗಳೆಲ್ಲ ಬಲಕ್ಕೆ ವಾಲಿದವು. ಅತ್ತ ದರಿ, ಇತ್ತ ಪುಲಿ ಎಂಬಂತಾಗಿ, ಕಾರ್ಡುಗಳನ್ನು ಸಮನಾಗಿ ಎರಡು ಪಾಲು ಮಾಡಿ ಎರಡೂ ಜೇಬಿನಲ್ಲಿಟ್ಟ. ಆಗ ಅವನು ನೆಟ್ಟಗೆ ಕುಳಿತ, ಆದರೆ ಎತ್ತರದಲ್ಲಿ ಕುಳಿತ. ಆ ವಾರ ಅವನು ನೇತುಹಾಕಿದ ಫೋಟೋಗಳೆಲ್ಲ ಎರಡು ಅಂಗುಲ ಮೇಲಾದವು. ಒಂದು ಮನೆಯ ಅಜ್ಜಿ ತನ್ನ ಗಂಡನ ಫೋಟೋ ನೋಡಲು ಮಣೆ ಹತ್ತಬೇಕಾಯಿತು. "ಇರೋವಾಗ್ಲೂ ಈ ಮನುಷ್ಯ ಕೈಗೆ ಸಿಗ್ಲಿಲ್ಲ," ಎಂದು ಆಕೆ ಅಂದದ್ದು ಅರ್ಜಿದಾರನ ಕಿವಿಗೆ ಬಿತ್ತು.

ಮನೆಯಲ್ಲಿ ಬಿಟ್ಟು ಬಂದೂ ನೋಡಿದ್ದಾನೆ. "ಕಾರ್ಡ್ ಇದ್ಯಾ ಸರ್?" "ಇದೆ, ಮನೇಲಿದೆ." "ಅಯ್ಯೋ, ಪಾಯಿಂಟ್ಸ್ ಹೋಯ್ತಲ್ಲ ಸರ್!" ಆ ಹುಡುಗಿಯ ಮುಖದಲ್ಲಿ ಕಂಡ ಸಂಕಟ ನಿಜವಾದದ್ದು ಎಂದೇ ಅವನು ನಂಬಿದ್ದಾನೆ. ಸೋಪನ್ನು ಅಲ್ಲೇ ಬಿಟ್ಟು, ಮನೆಗೆ ಓಡಿ, ಕಾರ್ಡು ತಂದ.

ಬಿಸಾಡಲು ನಿಯಮ ೪ ಅಡ್ಡ ಬರುತ್ತದೆ: "ಈ ಕಾರ್ಡು ಅಂಗಡಿಯ ಆಸ್ತಿ. ಗ್ರಾಹಕರು ಇದನ್ನು ಮುರಿಯದೆ, ಮಡಿಸದೆ, ಎಸೆಯದೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು." ನಿಯಮ ೧೧: "ಹಿಂದಿರುಗಿಸಲು ಇಚ್ಛಿಸುವವರು ಸಂಯುಕ್ತ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು." "ಅದನ್ನೆಲ್ಲ ಯಾರ್ರೀ ಓದ್ತಾರೆ?" ಎಂದು ಹೆಂಡತಿ ಕೇಳಿದಳು. ಅರ್ಜಿದಾರನು ಓದಿದ್ದಾನೆ. ನಲವತ್ತಾರನ್ನೂ ಓದಿದ್ದಾನೆ. ಎಲ್ಲವೂ ಒಂದೇ ಎಂದು ಕೊನೆಯದನ್ನು ಓದಿದ ಮೇಲೆ ಗೊತ್ತಾಯಿತು.

೬. ಈಗ ಕಾಲೇಜಿನ ಸಂಗತಿ. ಇಲ್ಲಿಯವರೆಗೆ ಒಂದೊಂದು ಮನೆಗೆ ಒಂದೊಂದು ಫೋಟೋ ಆದ್ದರಿಂದ ವಾಲಿದ್ದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಮನೆಯವರು ಹೋಗುತ್ತ ಬರುತ್ತ ತಿದ್ದಿಕೊಳ್ಳುತ್ತಿದ್ದರು. ಹೋದ ತಿಂಗಳು ಒಂದು ಕಾಲೇಜಿನಿಂದ ದೊಡ್ಡ ಕೆಲಸ ಬಂತು. ಈವರೆಗಿನ ಪ್ರಾಂಶುಪಾಲರ ಮೂವತ್ತೆರಡು ಫೋಟೋಗಳನ್ನು ಉದ್ದನೆಯ ಓಣಿಯಂಥ ಪಡಸಾಲೆಯಲ್ಲಿ ಒಂದೇ ಸಾಲಾಗಿ ಹಾಕಬೇಕು. ಅರ್ಜಿದಾರನು ಎರಡು ದಿನ ನಿಂತು ಹಾಕಿದ. ತನ್ನ ಜೀವಮಾನದಲ್ಲೇ ಇಷ್ಟು ನೆಟ್ಟಗೆ ಹಾಕಿಲ್ಲ ಎಂದುಕೊಂಡು ಮನೆಗೆ ಹೋಗಿ ಎರಡು ತುತ್ತು ಹೆಚ್ಚು ಉಂಡ.

ಮೂವತ್ತೆರಡೂ ಒಂದೇ ಅಳತೆಯಲ್ಲಿ ಎಡಕ್ಕೆ ವಾಲಿದ್ದವು. ಎಲ್ಲವೂ ಒಂದೇ ಸಮ ವಾಲಿದ್ದರಿಂದ ಫೋಟೋ ವಾಲಿದೆ ಎಂದು ಯಾರಿಗೂ ತೋಚಲಿಲ್ಲ; ಕಟ್ಟಡವೇ ವಾಲಿದೆ ಅನ್ನಿಸಿತು. ವಿದ್ಯಾರ್ಥಿಗಳು ಆ ಪಡಸಾಲೆಯಲ್ಲಿ ಗೋಡೆ ಹಿಡಿದುಕೊಂಡು ನಡೆಯತೊಡಗಿದರು. ಲೈಬ್ರರಿಯವರಿಗೆ ತಲೆ ಸುತ್ತು ಬಂತು. ಕಾಫಿ ತರುವವನು ಲೋಟಗಳನ್ನು ಒಂದು ಕಡೆ ಎತ್ತಿ ಹಿಡಿದು, ಮೈಮೇಲೆಲ್ಲ ಚೆಲ್ಲಿಕೊಂಡ. ನಾಲ್ಕನೇ ದಿನ ಪಾಯ ಕುಸಿಯುತ್ತಿದೆ ಎಂದು ಕಟ್ಟಡ ಖಾಲಿ ಮಾಡಿಸಿ ಇಂಜಿನಿಯರನ್ನು ಕರೆಸಿದರು.

ಇಂಜಿನಿಯರ್ ರಸಮಟ್ಟವನ್ನು ನೆಲಕ್ಕಿಟ್ಟ. ಗುಳ್ಳೆ ನಡುವೆ ನಿಂತಿತು. ಗೋಡೆಗಿಟ್ಟ. ಅಲ್ಲೂ ನಡುವೆ. ಆಮೇಲೆ ಏನೋ ಅನುಮಾನ ಬಂದು, ಏಳನೇ ಪ್ರಾಂಶುಪಾಲರ ತಲೆಯ ಮೇಲಿಟ್ಟ. ಗುಳ್ಳೆ ಬಲಗಡೆ ಓಡಿಹೋಗಿ ಮೂಲೆಯಲ್ಲಿ ಕುಳಿತಿತು.

ಯಜಮಾನರನ್ನು ಕರೆಸಿದರು. ಅವರ ಹಿಂದೆಯೇ ಅರ್ಜಿದಾರನೂ ಹೋಗಿದ್ದ. "ಸ್ವಾಮೀ, ನಿಮ್ಮ ನೆಲದ್ದೇ ಏನೋ…" ಎಂದು ಅವನು ಬಾಯಿ ತೆಗೆದ. "ಸುಮ್ನಿರಯ್ಯ! ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಎಂದು ಯಜಮಾನರು ಗದರಿದರು. ಆಮೇಲೆ ಇಂಜಿನಿಯರನ ಕೈಯಿಂದ ರಸಮಟ್ಟವನ್ನು ತೆಗೆದುಕೊಂಡು ಹಿಂದೆ ಮುಂದೆ ಆಡಿಸಿ ನೋಡಿದರು. ಮಗುವಿನ ಕೈಗೆ ಗಿಲಕಿ ಸಿಕ್ಕಂತಾಯಿತು. ಅಂಗಡಿಯ ಮೆಟ್ಟಿಲು ಹತ್ತುವಾಗ ಹೇಳಿದರು: "ಇಪ್ಪತ್ತೆಂಟಕ್ಕೆ ಅವ್ರ ಕಾರ್ಯಕ್ರಮ. ಅವತ್ತು ಬೆಳಗ್ಗೆ ಹೋಗಿ ಮೂವತ್ತೆರಡನ್ನೂ ತಿರುಗಿ ಹಾಕು. ನೆಟ್ಟಗಿದ್ರೆ ನೀನು ಇರು. ಇಲ್ದಿದ್ರೆ ನಾನೊಂದು ರಸಮಟ್ಟ ತಂದಿಟ್ಕೋತೀನಿ. ಅದು ರಜೆ ಕೇಳಲ್ಲ, ಅದಕ್ಕೆ ಬೆನ್ನು ನೋಯಲ್ಲ."

೭. ಏಳನೇ ಅಂಶವನ್ನು ಅರ್ಜಿದಾರನ ಹೆಂಡತಿ ಓದಿ, "ಇದು ಅಳೋ ಹಾಗಿದೆ, ಬೇಡ" ಎಂದು ಹೊಡೆದುಹಾಕಿದ್ದಾಳೆ. ಸಂಖ್ಯೆ ತಪ್ಪಬಾರದೆಂದು ಜಾಗ ಉಳಿಸಿಕೊಳ್ಳಲಾಗಿದೆ.

೮. ಯಜಮಾನರ ಮಾತಿಗೆ ಅರ್ಜಿದಾರನು ಮೊದಲ ಬಾರಿಗೆ ಎದುರಾಡಿದ. ಅದಕ್ಕೆ ಅವನಲ್ಲಿ ಆಧಾರವಿತ್ತು. ಅವನ ಮನೆಯ ನಡುಮನೆಯಲ್ಲಿ ಅವನ ಮದುವೆಯ ಫೋಟೋ ಇದೆ. ಹದಿನಾಲ್ಕು ವರ್ಷಗಳ ಹಿಂದೆ, ಕಾರ್ಡುಗಳು ಹುಟ್ಟುವುದಕ್ಕೂ ಮೊದಲು, ಅವನೇ ಕಟ್ಟು ಹಾಕಿ ನೇತುಹಾಕಿದ್ದು. ಒಂದು ಕಾಲದಲ್ಲಿ ಅದೂ ಅವನಿಗೆ ಸೊಟ್ಟಗೆ ಕಂಡಿತ್ತು. ದಿನಾ ಬೆಳಗ್ಗೆ ಅದರ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಆದರೆ ಈಗ ಒಂದು ವರ್ಷದಿಂದ ಅದು ಕಡ್ಡಿಯಂತೆ ನೆಟ್ಟಗೆ ಕಾಣುತ್ತಿತ್ತು. ಅಂದರೆ ಅವನ ಕಣ್ಣು ಸರಿಯಾಗಿದೆ ಎಂದೇ ಅರ್ಥವಲ್ಲವೇ? "ಬನ್ನಿ ಯಜಮಾನ್ರೇ, ನಮ್ಮನೆ ಫೋಟೋ ನೋಡಿ. ಅದು ನಂಗೆ ನೆಟ್ಟಗೆ ಕಾಣುತ್ತೆ. ಅದು ನೆಟ್ಟಗೇ ಇದೆ. ಆಮೇಲೆ ಹೇಳಿ," ಎಂದ.

ಯಜಮಾನರು ಎರವಲು ತಂದ ರಸಮಟ್ಟದೊಂದಿಗೆ ಭಾನುವಾರ ಬೆಳಗ್ಗೆ ಬಂದೇ ಬಂದರು. ಕುರ್ಚಿ ಹತ್ತಿ, ಮದುವೆ ಫೋಟೋದ ತಲೆಯ ಮೇಲೆ ಅದನ್ನಿಟ್ಟರು. ಗುಳ್ಳೆ ಬಲಗಡೆ ಓಡಿತು. ಏಳನೇ ಪ್ರಾಂಶುಪಾಲರ ತಲೆಯ ಮೇಲೆ ಎಲ್ಲಿಗೆ ಓಡಿತ್ತೋ ಅಲ್ಲಿಗೇ, ಒಂದು ಕೂದಲೆಳೆಯ ವ್ಯತ್ಯಾಸವಿಲ್ಲದೆ.

"ಇದೂ ವಾಲಿದೆಯಲ್ಲಯ್ಯ. ಹದಿನಾಲ್ಕು ವರ್ಷದ ಹಿಂದೇನೇ ನೀನು ಹೀಗಿದ್ಯಾ? ಇಷ್ಟು ವರ್ಷ ನಾನೇ ಕುರುಡಾಗಿದ್ನಾ?"

ಅರ್ಜಿದಾರನಿಗೆ ನೆಲ ಸಿಗಲಿಲ್ಲ. ಇದ್ದ ಒಂದೇ ಧೈರ್ಯವೂ ಮೊದಲಿನಿಂದಲೇ ಸುಳ್ಳಾಗಿತ್ತು ಎಂದಾಗ ಒಬ್ಬ ಮನುಷ್ಯ ಏನು ಮಾಡಬೇಕು ಎಂಬುದನ್ನು ಸಂಜೆ ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ. ಆಗ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ಹೆಂಡತಿ ಬಂದು ನಿಂತಳು.

"ಇವ್ರ ತಪ್ಪಲ್ಲ ಯಜಮಾನ್ರೇ. ವಾಲಿಸಿದ್ದು ನಾನು."

"ನೀನ್ಯಾಕಮ್ಮ ವಾಲಿಸ್ದೆ?"

"ಇನ್ನೇನ್ ಮಾಡ್ಲಿ? ದಿನಾ ಬೆಳಗಾದ್ರೆ ಅದರ ಮುಂದೆ ನಿಂತು 'ಸೊಟ್ಟಗಿದ್ಯಾ? ಸೊಟ್ಟಗಿದ್ಯಾ?' ಅಂತ ಒದ್ದಾಡೋರು. ತಿಂಡಿ ಗಂಟಲಲ್ಲಿ ಇಳೀತಿರ್ಲಿಲ್ಲ. ಒಂದಿನ ಇವ್ರು ಅಂಗಡಿಗೆ ಹೋದ್ಮೇಲೆ ಇವ್ರ ಥರಾನೇ ನಿಂತ್ಕೊಂಡು ನೋಡ್ದೆ. ಇವ್ರ ಕಣ್ಣಿಗೆ ನೆಟ್ಟಗೆ ಕಾಣೋ ಅಷ್ಟು ವಾಲಿಸ್ದೆ. ಅವತ್ತು ರಾತ್ರಿ ಹೊಟ್ಟೆ ತುಂಬ ಊಟ ಮಾಡಿದ್ರು." ಕತ್ತು ಒತ್ತಿಕೊಳ್ಳುತ್ತ ಸೇರಿಸಿದಳು: "ಈಗ ನನ್ನ ಮದುವೆ ನಾನು ನೋಡ್ಬೇಕಾದ್ರೆ ಕತ್ತು ಹೊರಳಿಸ್ಬೇಕು. ಒಂದು ವರ್ಷದಿಂದ ಈ ಪಕ್ಕ ಹಿಡ್ಕೊಂಡಿದೆ."

ಯಜಮಾನರು ಕುರ್ಚಿಯಿಂದ ಇಳಿದರು. ಫೋಟೋವನ್ನು ತಿದ್ದಲು ಕೈ ಎತ್ತಿದವರು, ಅವಳ ಮುಖ ನೋಡಿ ಕೈ ಇಳಿಸಿದರು. "ಇಪ್ಪತ್ತೆಂಟು," ಎಂದಷ್ಟೇ ಹೇಳಿ ಹೊರಟರು. ಆದರೆ ಬಾಗಿಲ ಬಳಿ ನಿಂತು ಅರ್ಜಿದಾರನ ಕಡೆ ತಿರುಗಿದರು. "ಹದಿನಾಲ್ಕು ವರ್ಷದ ಹಿಂದೆ ನೆಟ್ಟಗೇ ಹಾಕಿದ್ದೆ ತಾನೇ?" "ನೆಟ್ಟಗೇ ಹಾಕಿದ್ರು," ಎಂದಳು ಹೆಂಡತಿ. ಕೇಳಿದ್ದು ಅವನನ್ನು, ಉತ್ತರಿಸಿದ್ದು ಅವಳು.

ಆದಕಾರಣ, ಈ ಅರ್ಜಿಯಲ್ಲಿ ಹೆಂಡತಿಯ ಕತ್ತನ್ನೂ ಸೇರಿಸಲಾಗಿದೆ. ಹಿಂದಿನ ಒಂಬತ್ತು ಅರ್ಜಿಗಳಲ್ಲಿ ಅದು ಬಿಟ್ಟುಹೋಗಿತ್ತು, ಅರ್ಜಿದಾರನಿಗೆ ಗೊತ್ತಿರಲಿಲ್ಲ.

೯. ಆ ಒಂಬತ್ತು ಅರ್ಜಿಗಳ ಬಗ್ಗೆ ದೂರುವ ಉದ್ದೇಶ ಅರ್ಜಿದಾರನಿಗೆ ಇಲ್ಲ. ಮೊದಲನೆಯದು ನಿಗದಿತ ನಮೂನೆಯಲ್ಲಿಲ್ಲ ಎಂದು ಬಂತು. ನಮೂನೆ ಸಿಗುವ ಅಂಗಡಿಯಲ್ಲಿ ನಮೂನೆಯ ಜೊತೆ ಒಂದು ಕಾರ್ಡು ಕೊಟ್ಟರು. ಆದ್ದರಿಂದ ಎರಡನೆಯದು, "ಕಾರ್ಡುಗಳ ಸಂಖ್ಯೆ ಹಿಂದಿನ ಅರ್ಜಿಗೆ ತಾಳೆಯಾಗುವುದಿಲ್ಲ" ಎಂದು ಬಂತು. ಪ್ರತಿ ಕಾರ್ಡಿಗೂ ಪ್ರತ್ಯೇಕ ಅರ್ಜಿ ಬೇಕೆಂದಾಗ ಪ್ರತ್ಯೇಕವಾಗಿ ಬರೆದ; ಇಷ್ಟೊಂದು ಕಾಗದ ಯಾಕೆ, ಒಂದರಲ್ಲೇ ಬರೆಯಿರಿ ಎಂದು ಬಂದಾಗ ಒಂದರಲ್ಲೇ ಬರೆದ. ಐದನೆಯದಕ್ಕೆ ಬಂದ ಹಿಂಬರಹ ಅವನು ಎಂದೂ ಮರೆಯುವಂಥದ್ದಲ್ಲ: "ಇಷ್ಟು ಕಾರ್ಡುಗಳನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡ ಗ್ರಾಹಕರು ಬೇರೆ ಯಾರೂ ಇಲ್ಲದ ಕಾರಣ ತಮ್ಮನ್ನು ಚಿನ್ನದ ದರ್ಜೆಗೆ ಏರಿಸಲಾಗಿದೆ." ಚಿನ್ನದ ದರ್ಜೆಯ ಕಾರ್ಡು ಮಿಕ್ಕವುಗಳ ಎರಡರಷ್ಟು ದಪ್ಪ.

ಕಾರ್ಡುಗಳ ಸಂಖ್ಯೆ ಮೊದಲ ಅರ್ಜಿಯಲ್ಲಿ ನಲವತ್ತೊಂದಿದ್ದು ಈಗ ನಲವತ್ತಾರಾಗಿರುವುದಕ್ಕೆ ಅರ್ಜಿದಾರನು ಕ್ಷಮೆ ಕೋರುತ್ತಾನೆ. ನಲವತ್ತೇಳನೆಯದನ್ನು ಲೆಕ್ಕಕ್ಕೆ ಸೇರಿಸಿಲ್ಲ. ಅದು ತಮ್ಮ ಕಚೇರಿಯದೇ. ಅರ್ಜಿದಾರನು ಮೊದಲ ಸಲ ಮೂರನೇ ಮಹಡಿ ಹತ್ತಿ, ಏದುಸಿರು ಬಿಡುತ್ತ ಅರ್ಜಿ ನೀಡಿದಾಗ, ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಅಮ್ಮನವರು ತಲೆ ಎತ್ತದೆ ಕೇಳಿದರು:

"ಅರ್ಜಿ ಕಾರ್ಡ್ ಇದ್ಯಾ ಸರ್?"

ಅವನ ಕೈ ತಾನಾಗಿ ಹಿಂಜೇಬಿಗೆ ಹೋಯಿತು. "ಇಲ್ಲಮ್ಮಾ… ಅದೂ ಇರುತ್ತಾ?"

"ಮಾಡಿಸ್ಕೊಳ್ಳಿ, ಫ್ರೀ. ಒಂದೊಂದು ಅರ್ಜಿಗೂ ಒಂದೊಂದು ಮುದ್ರೆ. ಹತ್ತು ಮುದ್ರೆ ಆದ್ರೆ ಹನ್ನೊಂದನೇ ಅರ್ಜಿ ಸೀದಾ ಸಾಹೇಬ್ರ ಮೇಜಿಗೆ ಹೋಗುತ್ತೆ."

"ಅಲ್ಲೀವರ್ಗೂ?"

"ಅಲ್ಲೀವರ್ಗೂ ನಾನೇ ಓದ್ತೀನಿ."

ಅಂದರೆ ಇದು ಹತ್ತನೆಯದಾದ್ದರಿಂದ, ಮಾನ್ಯರೇ ಎಂದು ಶುರುವಾದ ಈ ಅರ್ಜಿಯನ್ನು ಮಾನ್ಯರು ಓದುತ್ತಿಲ್ಲ ಎಂಬುದು ಅರ್ಜಿದಾರನಿಗೆ ತಿಳಿದಿದೆ. ಆದರೂ ಸಂಬೋಧನೆ ಬದಲಿಸುವುದು ಶಿಷ್ಟಾಚಾರವಲ್ಲ.

೧೦. ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಭಾನುವಾರ ಯಜಮಾನರು ಹೋದ ಮೇಲೆ ಹೆಂಡತಿ ಅರ್ಜಿದಾರನ ಮುಂದೆ ಕೈ ಚಾಚಿದಳು. "ಕೊಡಿ ಇಲ್ಲಿ ಅದನ್ನ." ಅವನು ನಿಯಮ ೯ ಹೇಳಿದ: ಕಾರ್ಡನ್ನು ಕಾರ್ಡುದಾರರ ಹೊರತು ಬೇರೆ ಯಾರೂ ಇಟ್ಟುಕೊಳ್ಳುವಂತಿಲ್ಲ, ಬಳಸುವಂತಿಲ್ಲ. "ನಾನು ಬೇರೆ ಯಾರೋ?" ಎಂದಳು. ಇದಕ್ಕೆ ನಿಯಮಗಳಲ್ಲಿ ಉತ್ತರವಿರಲಿಲ್ಲ. ಪರ್ಸು ಅವಳ ಕೈಚೀಲಕ್ಕೆ ಹೋಯಿತು.

ಅಂದಿನಿಂದ ಅಂಗಡಿಗೆ ಹೋದಾಗಲೆಲ್ಲ ಅವಳೂ ಜೊತೆಗೆ ಬರುತ್ತಾಳೆ. "ಕಾರ್ಡ್ ಇದ್ಯಾ ಸರ್?" ಎಂದರೆ ಅರ್ಜಿದಾರನು ಬಾಯಿ ತೆಗೆಯುವ ಮೊದಲೇ ಅವಳು, "ಇದೆಯಮ್ಮಾ, ನಿನ್ನಾಣೆ ಇದೆ. ಆದ್ರೆ ತೆಗೆಯಲ್ಲ. ಸೋಪು ಕೊಡು," ಎನ್ನುತ್ತಾಳೆ. ಆ ಹುಡುಗಿಯರು ಸೋಪು ಕೊಡುತ್ತಾರೆ. ಯಾರ ಮುಖವೂ ಬಾಡಲಿಲ್ಲ. ಒಬ್ಬಳಂತೂ ನಕ್ಕಳು. ಆರು ವರ್ಷ ತಾನು ಯಾರಿಗೆ ಹೆದರಿದೆ ಎಂಬುದು ಅರ್ಜಿದಾರನಿಗೆ ಈಗ ಸ್ಪಷ್ಟವಾಗುತ್ತಿಲ್ಲ.

ಮೂರು ದಿನದಿಂದ ಅವನು ಬೆಂಚಿನ ಮೇಲೆ ಬರೀ ಬೆಂಚಿನ ಮೇಲೆಯೇ ಕೂರುತ್ತಿದ್ದಾನೆ. ಮೊದಲ ದಿನ ಬಲಗಡೆ ಹಳ್ಳಕ್ಕೆ ಬೀಳುತ್ತೇನೆ ಅನ್ನಿಸಿ ಮೇಜು ಹಿಡಿದುಕೊಂಡಿದ್ದ. ಎರಡನೇ ದಿನ ಒಂದು ಕೈ ಬಿಟ್ಟ. ಇಂದು ಬೆಳಗ್ಗೆ ನಡುಮನೆಯಲ್ಲಿ ಕಾಫಿ ಕುಡಿಯುತ್ತ ಮದುವೆಯ ಫೋಟೋ ನೋಡಿದಾಗ, ಅದು ಅವನಿಗೆ ವಾಲಿದಂತೆ ಕಂಡಿತು. ಎಡಕ್ಕೆ. ಅವನು ಲೋಟ ಕೆಳಗಿಡಲಿಲ್ಲ, ತಲೆ ಕೆರೆದುಕೊಳ್ಳಲಿಲ್ಲ. ಎದ್ದು ಹೋಗಿ, ಒಂದು ಬೆರಳಿನಿಂದ ಎಡ ಮೂಲೆಯನ್ನು ಮೇಲಕ್ಕೆ ತಳ್ಳಿ, ಬಂದು ಕುಳಿತ. ಎರಡನೇ ಸಲ ನೋಡಲಿಲ್ಲ. ಹೆಂಡತಿ ಒಳಗಿನಿಂದ ಬಂದು ಫೋಟೋ ನೋಡಿದಳು, ಅವನನ್ನು ನೋಡಿದಳು, "ಕಾಫಿ ಆರ್ತಿದೆ, ಕುಡೀರಿ," ಎಂದು ಒಳಗೆ ಹೋದಳು. ಅವಳ ಕತ್ತು ಇನ್ನೂ ಸ್ವಲ್ಪ ಹೊರಳಿಯೇ ಇತ್ತು. ಅದು ನಿಧಾನವಾಗಿ ಸರಿಹೋಗಬೇಕಾದದ್ದು.

ಆದರೆ ನಿಯಮ ೯ರ ಉಲ್ಲಂಘನೆ ಮೂರನೇ ದಿನಕ್ಕೆ ಕಾಲಿಟ್ಟಿದೆ. ಅರ್ಜಿದಾರನ ಮನಸ್ಸು ಇದನ್ನು ಇಪ್ಪತ್ತೆಂಟರವರೆಗೆ ತಡೆಯಬಲ್ಲದು, ಅದರ ಆಚೆಗೆ ಇಲ್ಲ. ಕಾರ್ಡುಗಳು ಮತ್ತೆ ಅವನ ಜೇಬಿಗೇ ಬಂದರೆ ಇಪ್ಪತ್ತೊಂಬತ್ತಕ್ಕೆ ಅವನು ಮತ್ತೆ ವಾಲುತ್ತಾನೆ. ಅವನ ಜೊತೆ ಯಾರು ಯಾರು ಕತ್ತು ವಾಲಿಸಬೇಕಾಗುತ್ತದೋ ಹೇಳಲಾಗದು.

ಆದ್ದರಿಂದ, ಮೇಲಿನ ಹತ್ತು (ಒಂದು ಹೊಡೆದುಹಾಕಿದ್ದರಿಂದ ಒಂಬತ್ತು) ಅಂಶಗಳನ್ನು ಗಮನಕ್ಕೆ ತಂದುಕೊಂಡು, ಇದರೊಂದಿಗೆ ಒಪ್ಪಿಸಿರುವ ನಲವತ್ತಾರು ಕಾರ್ಡುಗಳನ್ನು ವಾಪಸು ಪಡೆಯಬೇಕು. ಅರ್ಜಿದಾರನನ್ನು ಚಿನ್ನದ ದರ್ಜೆಯಿಂದ ಇಳಿಸಿ ಯಾವ ದರ್ಜೆಯೂ ಇಲ್ಲದ, ಬಂದು ಸೋಪು ಕೊಂಡು ಹೋಗುವ ಮಾಮೂಲಿ ಮನುಷ್ಯನೆಂದು ಘೋಷಿಸಬೇಕು. ಮತ್ತು ಆ ಘೋಷಣೆಯನ್ನು ಕಾರ್ಡಿನ ರೂಪದಲ್ಲಿ ಕೊಡಬಾರದು ಎಂದು ಬೇಡಿಕೊಳ್ಳಲಾಗಿದೆ.

ಇಂತು ತಮ್ಮ ವಿಶ್ವಾಸಿ (ಮತ್ತು ಇನ್ನೂ ಇತ್ಯರ್ಥವಾಗದ ನಲವತ್ತಾರು ಅಂಗಡಿಗಳ ವಿಶ್ವಾಸಿ),

ಅರ್ಜಿದಾರ

ಲಗತ್ತುಗಳು:
೧. ನಲವತ್ತಾರು ಕಾರ್ಡುಗಳು, ದಾರದಿಂದ ಕಟ್ಟಿದ್ದು. ಮಡಿಸಿಲ್ಲ, ಮುರಿದಿಲ್ಲ.
೨. ರಬ್ಬರ್ ಬ್ಯಾಂಡ್, ಎರಡು. ಇವು ಅರ್ಜಿದಾರನ ಸ್ವಂತದವು, ಸಾಧ್ಯವಾದರೆ ಹಿಂತಿರುಗಿಸುವುದು.
೩. "ಕಾಯಿಲೆ ಇರುವುದು ಪರ್ಸಿಗೆ" ಎಂಬ ವೈದ್ಯರ ಚೀಟಿ.
೪. ಏಳನೇ ಪ್ರಾಂಶುಪಾಲರ ತಲೆಯ ಮೇಲೆ ಗುಳ್ಳೆ ಎಲ್ಲಿತ್ತು ಎಂಬುದರ ಪೆನ್ಸಿಲ್ ಚಿತ್ರ.
೫. ಮೀನಿನ ಆಹಾರ, ಒಂದು ಪೊಟ್ಟಣ, ತೆರೆದಿಲ್ಲ.
೬. ತಮ್ಮ ಕಚೇರಿಯ ಅರ್ಜಿ ಕಾರ್ಡು, ಒಂಬತ್ತು ಮುದ್ರೆಗಳೊಂದಿಗೆ.

ವಿ.ಸೂ.: ಇದನ್ನು ಓದುತ್ತಿರುವ ಕಿಟಕಿಯ ಅಮ್ಮನವರಲ್ಲಿ ವಿನಂತಿ. ಲಗತ್ತು ೬ರ ಹತ್ತನೇ ಚೌಕದಲ್ಲಿ ಮುದ್ರೆ ಒತ್ತಿ, ಅದೊಂದನ್ನು ಮಾತ್ರ ವಾಪಸು ಕೊಡುವುದು. ಹನ್ನೊಂದನೇ ಅರ್ಜಿಯನ್ನು ಹೆಂಡತಿ ಈಗಾಗಲೇ ನಕಲು ಮಾಡಿಟ್ಟಿದ್ದಾಳೆ; ನಾಳೆ ಬೆಳಗ್ಗೆ ಕಿಟಕಿ ತೆರೆಯುವ ಹೊತ್ತಿಗೆ ಇಬ್ಬರೂ ಬಂದಿರುತ್ತೇವೆ. ಮುದ್ರೆಯನ್ನು ದಯವಿಟ್ಟು ನೆಟ್ಟಗೆ ಒತ್ತುವುದು. ಹಿಂದಿನ ಒಂಬತ್ತೂ ಎಡಕ್ಕೆ ವಾಲಿವೆ. ಇದು ಅರ್ಜಿದಾರನಿಗೆ ಕಂಡದ್ದು ಇಂದು ಬೆಳಗ್ಗೆ.